‘ಬೈ’ ಆದ್ಮೇಲೆ ಯಾರ ಹೆಸರು?

ಮಕ್ಕಳಿಗೆ ಆಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು ಹೇಳ್ಕೊಡೋ ರೀತಿ ನೋಡಿದ್ರೆ ನಂಗಂತೂ ಮೈ ಉರಿಯುತ್ತೆ ಕಣ್ರೀ. ಹಿಂದಿರೋ ಪದ ಮುಂದಕ್ಕೆ ತಾ, ‘ಈಸ್’ ಇಲ್ಲಾ ‘ವಾಸ್’ ಹಾಕು, ಕ್ರಿಯಾಪದದ ಮೂರನೇ ರೂಪ ಬರಿ, ‘ಬೈ’ ಸೇರ್ಸು, ಮಾರ್ಕು ತಗೋ. ದೋಸೆ ಮಗುಚಿದ ಹಾಗೆ! ಯಾಕೆ ಮಗುಚಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಅಡುಗೆಮನೇಲೇ ಇದೆ ಉತ್ತರ. ‘ಅಜ್ಜಿ ಮೇಡ್ ದ ಸಾಂಬಾರ್’ ಅಂದ್ರೆ ಅಜ್ಜಿ ಮುಂದೆ. ‘ದ ಸಾಂಬಾರ್ ವಾಸ್ ಮೇಡ್ ಬೈ ಅಜ್ಜಿ’ ಅಂದ್ರೆ ಸಾಂಬಾರು ಮುಂದೆ, ಅಜ್ಜಿ ಬಾಲದಲ್ಲಿ. ‘ದ ಸಾಂಬಾರ್ ವಾಸ್ ಮೇಡ್’ ಅಂತ ಅಲ್ಲಿಗೇ ನಿಲ್ಲಿಸಿದ್ರೂ ವ್ಯಾಕರಣ ತಪ್ಪಲ್ಲ, ಆದ್ರೆ ಅಜ್ಜಿ ಮಾಯ! ಮಾಡಿದೋರನ್ನ ಹೇಳ್ಬೇಕೋ ಬಿಡ್ಬೇಕೋ ಅನ್ನೋ ಆಯ್ಕೆ ಇದು. ಮಕ್ಕಳಿಗೆ ಕಲಿಸಬೇಕಾದ್ದು ಇದನ್ನ.

ಕನ್ನಡ ಪಾಠದಲ್ಲೂ ಕರ್ತರಿ, ಕರ್ಮಣಿ ಅಂತ ಇದೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಉರು ಹೊಡೀತಾವೆ. ಮನೇಲಿ ಯಾರಾದ್ರೂ ‘ನನ್ನಿಂದ ಪಾತ್ರೆ ತೊಳೆಯಲ್ಪಟ್ಟಿತು’ ಅಂತೀವಾ? ನಮ್ಮಲ್ಲಿ ಮರೆಮಾಚೋಕೆ ಬೇರೆ ಮಾತಿದೆ: ‘ಆಯ್ತು’. ‘ಅಡುಗೆ ಆಯ್ತಾ?’ ‘ಕಾಫಿ ಆಯ್ತಾ?’ ಮಳೆ ಬಂದ ಹಾಗೆ ಅದರಷ್ಟಕ್ಕೆ ಅದೇ ಆಗ್ಬಿಡುತ್ತೆ ಅನ್ನೋ ಥರ. ತಟ್ಟೆ ಬೀಳಿಸಿದ ಹುಡುಗನೂ ‘ಒಡೆದೋಯ್ತು’ ಅಂತಾನೇ ಹೊರತು ‘ಒಡೆದೆ’ ಅನ್ನಲ್ಲ. ಅವನಿಗೆ ಪ್ಯಾಸಿವ್ ವಾಯ್ಸಿನ ಉಪಯೋಗ ಯಾವ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು.

ಹಾಗಂತ ಪ್ಯಾಸಿವ್ ಕೆಟ್ಟದ್ದು ಅಂತಲ್ಲ. ಕಾವೇರಿ ನೀರನ್ನ ತೊರೆಕಾಡನಹಳ್ಳಿ, ಹಾರೋಹಳ್ಳಿ, ನಮ್ಮ ಪಕ್ಕದ ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಬೆಂಗಳೂರಿಗೆ ಹತ್ತಿಸ್ತಾರೆ. ‘ದ ವಾಟರ್ ಈಸ್ ಪಂಪ್ಡ್ ಇನ್ ತ್ರೀ ಸ್ಟೇಜಸ್’ ಅಂದ್ರೆ ಸಾಕು, ಸ್ವಿಚ್ ಹಾಕಿದೋರ ಹೆಸರು ಅಲ್ಲಿ ಬೇಡ. ತಲಘಟ್ಟಪುರದ ಮೆಟ್ರೊ ಸ್ಟೇಷನ್ ‘ವಾಸ್ ಓಪನ್ಡ್ ಇನ್ 2021’ ಅನ್ನೋದೂ ಸರಿಯೇ. ಅಲ್ಲಿ ತಿಳೀಬೇಕಾದ್ದು ಯಾವಾಗ ಅನ್ನೋದು.

ಆದ್ರೆ ಗೇಟಿಗೆ ಅಂಟಿಸೋ ಚೀಟಿ ನೋಡಿ. ‘ವಾಟರ್ ಸಪ್ಲೈ ಹ್ಯಾಸ್ ಬೀನ್ ಸ್ಟಾಪ್ಡ್. ಇನ್‌ಕನ್ವೀನಿಯನ್ಸ್ ಈಸ್ ರಿಗ್ರೆಟೆಡ್.’ ನಿಲ್ಲಿಸಿದ್ದು ಯಾರು? ಬೇಜಾರು ಮಾಡ್ಕೊಂಡಿದ್ದು ಯಾರು? ಇಲ್ಲಿ ಹೆಸರು ಬೇಕೇ ಬೇಕು, ಯಾಕಂದ್ರೆ ನಾವು ಯಾರಿಗಾದ್ರೂ ಫೋನ್ ಮಾಡ್ಬೇಕು. ಕೊಡ ಹಿಡ್ಕೊಂಡು ನಿಂತೋರಿಗೆ ‘ವಾಸ್’, ‘ಬೀನ್’ ಕಟ್ಕೊಂಡು ಏನಾಗ್ಬೇಕು?

ಇಂಗ್ಲಿಷು ದೊಡ್ಡೋರ ಭಾಷೆ, ಹಿಂಗೇ ಬರೀಬೇಕೇನೋ ಅಂತ ನಾವೂ ಸುಮ್ಮನಾಗ್ತೀವಿ. ಸುಮ್ಮನಾಗ್ಬೇಡಿ. ಅಂಥ ಚೀಟಿ ಕಂಡಾಗ ‘ಬೈ ಹೂಮ್?’ ಅಂತ ಕೇಳಿ. ಮಕ್ಕಳಿಗೂ ಅದನ್ನೇ ಅಭ್ಯಾಸ ಮಾಡ್ಸಿ.

ಒಂದು ಹೋಮ್‌ವರ್ಕ್ ಹೇಳ್ತೀನಿ. ಈ ಭಾನುವಾರ ಮನೇಲಿ ನಡೆದ ಹತ್ತು ಕೆಲಸಗಳನ್ನ ಮಕ್ಕಳ ಕೈಲಿ ಪ್ಯಾಸಿವ್ ವಾಯ್ಸಲ್ಲಿ ಬರೆಸಿ: ನೆಲ ಒರೆಸಿದ್ದು, ಬಟ್ಟೆ ಮಡಚಿದ್ದು, ಕಸ ಹೊರಗಿಟ್ಟಿದ್ದು, ಹಾಲು ಕಾಯಿಸಿದ್ದು. ‘ಬೈ’ ಮಾತ್ರ ಬಿಡೋ ಹಾಗಿಲ್ಲ. ಹತ್ತರಲ್ಲಿ ಎಷ್ಟು ಕಡೆ ‘ಅಮ್ಮ’ ಅಂತ ಬಂತು ಅಂತ ಎಣಿಸಿ, ಊಟಕ್ಕೆ ಕೂತಾಗ ಎಲ್ಲರ ಮುಂದೆ ಜೋರಾಗಿ ಓದಿಸಿ.