ನಿಷೇಧದ ನೆರಳಲ್ಲಿ ಬೆಳೆದ ಮಿಂಚುಳ್ಳಿ

2016ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಒಂದು ಹಕ್ಕಿಯನ್ನು ಹರಾಜಿಗಿಟ್ಟವು. ಮುಳುಗಿಹೋದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಲೋಗೋ, ಹೆಸರು, ‘ಫ್ಲೈ ದಿ ಗುಡ್ ಟೈಮ್ಸ್’ ಅನ್ನುವ ಘೋಷವಾಕ್ಯ ಎಲ್ಲ ಸೇರಿ ಕನಿಷ್ಠ ಬೆಲೆ ಸುಮಾರು 367 ಕೋಟಿ ರೂಪಾಯಿ. ಸಾಲ ಕೊಡುವಾಗ ಇದೇ ಬ್ರ್ಯಾಂಡ್‌ಗೆ ಸಾವಿರಾರು ಕೋಟಿ ಬೆಲೆ ಕಟ್ಟಿ ಅಡಮಾನ ಇಟ್ಟುಕೊಂಡಿದ್ದರು. ಹರಾಜಿನ ದಿನ ಒಬ್ಬರೂ ಬಿಡ್ ಮಾಡಲಿಲ್ಲ.

ಐದು ವರ್ಷ ಬಿಟ್ಟು, 2021ರ ಜೂನ್‌ನಲ್ಲಿ, ವಿಜಯ್ ಮಲ್ಯ ಕಡೆಯಿಂದ ಜಪ್ತಿಯಾಗಿದ್ದ ಯುನೈಟೆಡ್ ಬ್ರೂವರೀಸ್‌ನ ಶೇ. 15ರಷ್ಟು ಷೇರು ಮಾರಾಟಕ್ಕೆ ಬಂತು. ನೆದರ್‌ಲ್ಯಾಂಡ್ಸ್‌ನ ಹೈನೆಕೆನ್ ಸುಮಾರು 5,800 ಕೋಟಿ ಕೊಟ್ಟು ಕೊಂಡುಕೊಂಡಿತು. ಇಲ್ಲೂ ಅದೇ ಹೆಸರು, ಅದೇ ಹಕ್ಕಿ. ಆದರೆ ಈ ಹಕ್ಕಿ ಕೂತಿದ್ದು ವಿಮಾನದ ಬಾಲದ ಮೇಲಲ್ಲ, ಬಾಟಲಿಯ ಮೇಲೆ.

ಒಂದೇ ಹಕ್ಕಿಗೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಸಾವಿರಾರು ಕೋಟಿ. ಮಲ್ಯ ಓಡಿಹೋದ ಕಥೆಯನ್ನು ನಾವು ಸಾಕಷ್ಟು ಸಲ ಓದಿದ್ದೇವೆ, ಮೀಮ್ ಮಾಡಿ ನಕ್ಕಿದ್ದೇವೆ. ಆದರೆ ಮಾಲೀಕ ಮುಳುಗಿದರೂ ಬೀರ್ ಯಾಕೆ ಮುಳುಗಲಿಲ್ಲ ಅನ್ನೋ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಉತ್ತರ ಬಾಟಲಿಯ ರುಚಿಯಲ್ಲಿಲ್ಲ, ಸರ್ಕಾರದ ನಿಯಮಗಳಲ್ಲಿದೆ.

ದಂಡಿನ ಬೀರು, ನಮ್ಮ ಬ್ರ್ಯಾಂಡು

ಥಾಮಸ್ ಲೀಷ್‌ಮನ್ ಅನ್ನುವ ಸ್ಕಾಟ್‌ಲ್ಯಾಂಡ್‌ನವನು 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಶುರು ಮಾಡಿದ. ಗಿರಾಕಿಗಳು ಮುಖ್ಯವಾಗಿ ಬ್ರಿಟಿಷ್ ಸೈನಿಕರು. ಸ್ವಾತಂತ್ರ್ಯದ ಹೊತ್ತಿಗೆ ಕಂಪನಿಯ ಚುಕ್ಕಾಣಿ ಬಂಟ್ವಾಳ ಮೂಲದ ವಿಠಲ್ ಮಲ್ಯ ಕೈಗೆ ಬಂತು. ಇವತ್ತು ನಾವು ಕಾಣುವ ಕಿಂಗ್‌ಫಿಷರ್ ಮಾರುಕಟ್ಟೆಗೆ ಇಳಿದಿದ್ದು 1978ರಲ್ಲಿ. 1983ರಲ್ಲಿ ವಿಠಲ್ ಮಲ್ಯ ತೀರಿಕೊಂಡಾಗ ಮಗ ವಿಜಯ್ ಮಲ್ಯಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಬೆಂಗಳೂರಿನ ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ಇದೆ. ಅದರ ಮುಂದಿನ ರಸ್ತೆಗೆ ವಿಠಲ್ ಮಲ್ಯ ಅವರ ಹೆಸರಿದೆ. ಒಂದು ಬೀರ್ ಕಂಪನಿ ನಗರದ ನಕ್ಷೆಯೊಳಗೇ ಸೇರಿಹೋಗಿದೆ ಅಂದ್ರೆ ಅದು ಬರೀ ಜಾಹೀರಾತಿನಿಂದ ಆಗುವ ಕೆಲಸ ಅಲ್ಲ.

ಬಾಗಿಲು ಮುಚ್ಚಿದ್ದು ಯಾರಿಗೆ?

2000ರಲ್ಲಿ ಕೇಂದ್ರ ಸರ್ಕಾರ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ತಂದು ಮದ್ಯದ ಜಾಹೀರಾತನ್ನು ನಿಷೇಧಿಸಿತು. ಉದ್ದೇಶ ಒಳ್ಳೆಯದೇ: ಟಿವಿ ನೋಡಿ ಹುಡುಗರು ಕುಡಿತ ಕಲಿಯಬಾರದು. ಆಗಿದ್ದೇನು?

ಈ ನಿಷೇಧ ಹೊಸಬರಿಗೆ ಬಾಗಿಲು ಮುಚ್ಚಿತು, ಒಳಗಿದ್ದವರಿಗೆ ಅಲ್ಲ. ಹೊಸ ಬೀರ್ ತರಬೇಕು ಅಂದವನು ತನ್ನ ಹೆಸರನ್ನು ಜನರಿಗೆ ಹೇಳುವ ಹಾಗಿಲ್ಲ. ಈಗಾಗಲೇ ಎಲ್ಲರ ಬಾಯಲ್ಲಿರುವ ಹೆಸರಿಗೆ ಮಾತ್ರ ಒಂದು ಉಪಾಯ ಇತ್ತು: ಅದೇ ಹೆಸರಲ್ಲಿ ನೀರು, ಸೋಡಾ ಮಾರು, ಅದರ ಜಾಹೀರಾತು ಹಾಕು. ಪದಗಳೇ ಇಲ್ಲದ ಆ ಜಿಂಗಲ್ ಕೇಳಿದರೆ ನಿಮಗೆ ನೀರಿನ ಬಾಟಲಿ ನೆನಪಾಗುತ್ತಾ? ನಾವು ಅದನ್ನು ಗುನುಗಿದ್ದು ಯಾವುದಕ್ಕೆ ಅಂತ ನಮಗೂ ಗೊತ್ತು, ಹಾಕಿದವರಿಗೂ ಗೊತ್ತು.

ನೀರು, ಸೋಡಾ ಆರಂಭ ಅಷ್ಟೇ. 2003ರಲ್ಲಿ ಕ್ಯಾಲೆಂಡರ್ ಬಂತು. ಈಜುಡುಗೆಯ ಹುಡುಗಿಯರ ಫೋಟೋ ಇದ್ದ ಆ ಕ್ಯಾಲೆಂಡರ್ ಹೆಣ್ಣಿನ ದೇಹವನ್ನೇ ಜಾಹೀರಾತಿನ ಹಲಗೆ ಮಾಡಿಕೊಂಡಿತು. ಪ್ರತಿ ವರ್ಷ ಪತ್ರಿಕೆ, ಟಿವಿಗಳು ಅದನ್ನು ‘ಸುದ್ದಿ’ ಅಂತ ಪುಕ್ಕಟೆ ತೋರಿಸಿದವು. 2005ರಲ್ಲಿ ಏರ್‌ಲೈನ್ಸ್ ಬಂತು. ಬೀರಿನ ಹೆಸರು ಹೊತ್ತ ವಿಮಾನ ಆಕಾಶದಲ್ಲಿ ಹಾರಿದರೆ ಅದು ಮದ್ಯದ ಜಾಹೀರಾತು ಅಂತ ಯಾವ ಇನ್ಸ್‌ಪೆಕ್ಟರ್ ಕೇಸು ಹಾಕ್ತಾನೆ? ಆಮೇಲೆ ಫಾರ್ಮುಲಾ ಒನ್ ತಂಡ ಬಂತು. 2008ರಲ್ಲಿ ಐಪಿಎಲ್ ಬಂತು.

ಇಲ್ಲಿ ನಮ್ಮ ಒಂದು ನೋವಿನ ಜಾಗ ಮುಟ್ಟಲೇಬೇಕು. ‘ಈ ಸಲ ಕಪ್ ನಮ್ದೇ’ ಅಂತ ಹದಿನೇಳು ವರ್ಷ ಕಾದು, 2025ರಲ್ಲಿ ಕೊನೆಗೂ ಕಪ್ ಗೆದ್ದ ತಂಡಕ್ಕೆ ಹೆಸರು ಬಂದಿದ್ದು ಅದೇ ಗುಂಪಿನ ಒಂದು ವಿಸ್ಕಿಯಿಂದ. ನಮ್ಮ ಪ್ರೀತಿ ಸುಳ್ಳಲ್ಲ. ಆದರೆ ಕನ್ನಡಿಗರ ಅಭಿಮಾನ ಅನ್ನೋದು ಒಂದು ಮದ್ಯದ ಲೇಬಲ್‌ಗೆ ವರ್ಷಾನುಗಟ್ಟಲೆ ಬಿಟ್ಟಿ ಪ್ರಚಾರ ಕೊಟ್ಟಿದ್ದೂ ಸುಳ್ಳಲ್ಲ.

2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಬದಲಿ ಜಾಹೀರಾತುಗಳನ್ನು ನಿಷೇಧಿಸುವ ಮಾರ್ಗಸೂಚಿ ತಂತು. ಅದರಲ್ಲೇ ಒಂದು ಕಿಂಡಿಯೂ ಇದೆ: ಜಾಹೀರಾತಿನಲ್ಲಿ ಬೇರೆ ಆಕ್ಷೇಪಾರ್ಹ ಅಂಶ ಇಲ್ಲದಿದ್ದರೆ, ಬರೀ ಬ್ರ್ಯಾಂಡ್ ಹೆಸರು ಬಳಸಿದ ಮಾತ್ರಕ್ಕೆ ಅದು ಬದಲಿ ಜಾಹೀರಾತು ಆಗುವುದಿಲ್ಲ. ಅಂದರೆ ಹೆಸರು ದೊಡ್ಡದಾಗಿದ್ದವರು ಈಗಲೂ ಸೇಫ್.

ಅಂಗಡಿಯೂ ಸರ್ಕಾರದ್ದೇ, ತೂಕವೂ ಸರ್ಕಾರದ್ದೇ

ಎರಡನೇ ಕಾರಣ ಬೆಲೆ. ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ವಿಷಯ. ಕರ್ನಾಟಕದಲ್ಲಿ 2003ರಿಂದ ರಾಜ್ಯ ಪಾನೀಯ ನಿಗಮದ ಮೂಲಕವೇ ಸಗಟು ವ್ಯಾಪಾರ ನಡೆಯುತ್ತದೆ. ತೆಲಂಗಾಣದಲ್ಲೂ ಹೀಗೆಯೇ ಒಂದು ನಿಗಮ ಇದೆ. ಕಂಪನಿ ತನಗೆ ಬೇಕಾದ ಹಾಗೆ ಬೆಲೆ ಇಳಿಸಿ ಪೈಪೋಟಿ ಮಾಡುವ ಮಾರುಕಟ್ಟೆ ಇದಲ್ಲ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಬೆಲೆ ಮತ್ತು ಪ್ರಚಾರ ಅನ್ನುವ ಎರಡು ವೇರಿಯಬಲ್‌ಗಳನ್ನೂ ಫಿಕ್ಸ್ ಮಾಡಿಬಿಟ್ಟರೆ ಉಳಿಯುವುದು ಹಳೆಯ ಹೆಸರು ಮತ್ತು ಎಲ್ಲ ಕಡೆ ಮಾಲು ತಲುಪಿಸುವ ತಾಕತ್ತು. ಎರಡೂ ಇದ್ದವನು ಗೆಲ್ಲುತ್ತಾನೆ. ದೇಶದ ಬೀರ್ ಮಾರುಕಟ್ಟೆಯಲ್ಲಿ ಸುಮಾರು ಅರ್ಧದಷ್ಟು ಒಂದೇ ಕಂಪನಿಯ ಕೈಯಲ್ಲಿರುವುದು ಹೀಗೆ.

ಇಂಥ ವ್ಯವಸ್ಥೆಯಲ್ಲಿ ಕಂಪನಿಗಳು ಪೈಪೋಟಿ ಬಿಟ್ಟು ಮಾತಾಡಿಕೊಳ್ಳುವುದು ಸುಲಭ. 2021ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು ಅದನ್ನೇ. 2009ರಿಂದ 2018ರವರೆಗೆ ಬೀರ್ ಕಂಪನಿಗಳು ತಮ್ಮ ಸಂಘದ ವೇದಿಕೆ ಬಳಸಿಕೊಂಡು, ರಾಜ್ಯಗಳ ಮುಂದೆ ಎಷ್ಟು ಬೆಲೆ ಏರಿಕೆ ಕೇಳಬೇಕು ಅಂತ ಒಳಗೊಳಗೇ ಹೊಂದಿಸಿಕೊಂಡಿದ್ದವು ಎಂದು ಆಯೋಗ ತೀರ್ಮಾನಿಸಿತು. ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 120 ಕೋಟಿ ದಂಡ ಬಿತ್ತು. ಮೊದಲು ಬಾಯಿ ಬಿಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ವಿನಾಯಿತಿ ಸಿಕ್ಕಿತು. 2022ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆದೇಶ ಎತ್ತಿಹಿಡಿಯಿತು. ಅಲ್ಲಿಂದ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು.

ಬ್ರ್ಯಾಂಡ್‌ನ ಬಲ ಎಷ್ಟು ಅಂತ ತೆಲಂಗಾಣ ಸರ್ಕಾರಕ್ಕೆ ಗೊತ್ತಾಗಿದ್ದು 2025ರ ಜನವರಿಯಲ್ಲಿ. ಸುಮಾರು 900 ಕೋಟಿ ಬಾಕಿ ಇದೆ, 2019-20ರಿಂದ ಮೂಲ ಬೆಲೆ ಏರಿಸಿಲ್ಲ ಅಂತ ಹೇಳಿ ಯುನೈಟೆಡ್ ಬ್ರೂವರೀಸ್ ಅಲ್ಲಿಗೆ ಬೀರ್ ಪೂರೈಕೆಯನ್ನೇ ನಿಲ್ಲಿಸಿತು. ಎರಡು ವಾರದೊಳಗೆ ಪೂರೈಕೆ ಮತ್ತೆ ಶುರುವಾಯಿತು, ಫೆಬ್ರವರಿಯಲ್ಲಿ ಶೇ. 15ರಷ್ಟು ಬೆಲೆ ಏರಿಕೆಯೂ ಸಿಕ್ಕಿತು. ಬಾಕಿ ಉಳಿಸಿಕೊಂಡ ಸರ್ಕಾರದ್ದೇ ತಪ್ಪು, ಸರಿ. ಆದರೆ ಒಂದು ಚಿಕ್ಕ ಬ್ರೂವರಿ ಹೀಗೆ ಕೈ ಎತ್ತಿದ್ದರೆ ಯಾರು ಕೇಳ್ತಿದ್ದರು?

ಸಾರಾಯಿಗೆ ಒಂದು ನ್ಯಾಯ

ಈ ಕಥೆಯ ಇನ್ನೊಂದು ಮಗ್ಗಲು ನಮ್ಮ ಹಳ್ಳಿಗಳಲ್ಲಿದೆ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಬಡವನ ಪ್ಯಾಕೆಟ್ ನಿಂತಿತು, ಬಾಟಲಿ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರಿಗೆ ಸಿಕ್ಕಿದ್ದು ಭರವಸೆಗಳು. ಅದೇ ಕಾಲಕ್ಕೆ ಅಬಕಾರಿ ಗುರಿ ಬಜೆಟ್‌ನಿಂದ ಬಜೆಟ್‌ಗೆ ಏರುತ್ತಲೇ ಹೋಯಿತು. 2025-26ಕ್ಕೆ ಅದು 40,000 ಕೋಟಿ. 2023ರ ಜುಲೈ ಬಜೆಟ್‌ನಲ್ಲಿ ಬೀರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೆ ಏರಿತು, ಆಮೇಲೂ ಏರಿತು.

ಸಂವಿಧಾನದ 47ನೇ ವಿಧಿ ಮದ್ಯಪಾನ ನಿಷೇಧದ ಕಡೆ ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. ಅದೇ ಸರ್ಕಾರ ಅಬಕಾರಿ ಅಧಿಕಾರಿಗಳಿಗೆ ವರಮಾನದ ಟಾರ್ಗೆಟ್ ಕೊಡುತ್ತದೆ. ಬಲಗೈಯಲ್ಲಿ ‘ಕುಡಿಯಬೇಡಿ’ ಬೋರ್ಡು, ಎಡಗೈಯಲ್ಲಿ ಗಲ್ಲಾಪೆಟ್ಟಿಗೆ. ಕಿಂಗ್‌ಫಿಷರ್ ಜಾಣತನ ಇರುವುದು ಈ ಎರಡು ಕೈಗಳ ನಡುವಿನ ಸಂದಿಯಲ್ಲಿ ಗೂಡು ಕಟ್ಟಿದ್ದರಲ್ಲಿ. ಮಲ್ಯರನ್ನು 2002ರಲ್ಲಿ, ಮತ್ತೆ 2010ರಲ್ಲಿ ಪಕ್ಷೇತರನಾಗಿ ರಾಜ್ಯಸಭೆಗೆ ಕಳಿಸಿದವರು ನಮ್ಮದೇ ಶಾಸಕರು ಅನ್ನೋದನ್ನೂ ಮರೆಯಬೇಡಿ.

ಹಾಗಾದರೆ ಏನು ಕೇಳಬೇಕು?

ಬೀರ್ ಕುಡಿಯೋದು ಬಿಡೋದು ನಿಮಗೆ ಬಿಟ್ಟದ್ದು. ನಾಗರಿಕರಾಗಿ ನಾವು ಕೇಳಬೇಕಾದ್ದು ಬೇರೆ ಇದೆ.

ಒಂದು, ಮದ್ಯದ ಹೆಸರಲ್ಲಿ ನೀರು, ಸೋಡಾ, ಸಂಗೀತ ಸಿ.ಡಿ. ಮಾರುವ ಕಂಪನಿ ಆ ಸರಕಿನ ಮಾರಾಟ ಎಷ್ಟು, ಜಾಹೀರಾತು ಖರ್ಚು ಎಷ್ಟು ಅಂತ ಪಕ್ಕಪಕ್ಕ ಬಹಿರಂಗ ಮಾಡಲಿ. ಬರುವ ಹಣಕ್ಕಿಂತ ಪ್ರಚಾರದ ಖರ್ಚೇ ಹೆಚ್ಚಿದ್ದರೆ ಅದು ನೀರಿನ ವ್ಯಾಪಾರ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತೆ.

ಎರಡು, ಪಾನೀಯ ನಿಗಮದ ಮುಂದೆ ಯಾವ ಕಂಪನಿ ಎಷ್ಟು ಬೆಲೆ ಕೇಳಿತು, ಎಷ್ಟು ಕೊಟ್ಟರು, ಯಾಕೆ ಅನ್ನೋದು ಸಾರ್ವಜನಿಕ ದಾಖಲೆ ಆಗಲಿ. ಒಳಒಪ್ಪಂದ ಬೆಳೆಯೋದು ಕತ್ತಲಲ್ಲಿ.

ಮೂರು, 40,000 ಕೋಟಿಯಲ್ಲಿ ವ್ಯಸನಮುಕ್ತಿ ಕೇಂದ್ರಗಳಿಗೆ, ಕುಡಿತದಿಂದ ಮುರಿದ ಮನೆಗಳಿಗೆ ಎಷ್ಟು ಹೋಯಿತು ಅನ್ನುವ ಒಂದು ಸಾಲು ಬಜೆಟ್ ಭಾಷಣದಲ್ಲಿ ಇರಲಿ. ಚಿತ್ರದುರ್ಗದಿಂದ ನಡೆದು ಬಂದ ಹೆಣ್ಣುಮಕ್ಕಳಿಗೆ ಕೊಡಬೇಕಾದ ಕನಿಷ್ಠ ಉತ್ತರ ಅದು.

ಏರ್‌ಲೈನ್ಸ್ ಮುಳುಗಿದಾಗ ನೌಕರರು ತಿಂಗಳುಗಟ್ಟಲೆ ಸಂಬಳ ಇಲ್ಲದೆ ಬೀದಿಗಿಳಿದಿದ್ದರು, ಹದಿನೇಳು ಬ್ಯಾಂಕುಗಳ ಸಾಲ ಬಾಕಿ ಉಳಿದಿತ್ತು. ಆ ಸಾಲದ ಒಂದು ದೊಡ್ಡ ಪಾಲು ವಾಪಸ್ ಬಂದಿದ್ದು ಬೀರ್ ಕಂಪನಿಯ ಷೇರು ಮಾರಿ. ಅಂದರೆ ವಿಮಾನದ ನಷ್ಟ ತುಂಬಿದ್ದು ಬಾಟಲಿ, ಆ ಬಾಟಲಿಯ ಬೆಲೆ ಕಾಪಾಡಿದ್ದು ನಮ್ಮ ನಿಯಮಗಳು. ‘ನಮ್ಮ ಬೆಂಗಳೂರಿನ ಬೀರ್’ ಅಂತ ಹೆಮ್ಮೆ ಪಡುವವರು ಗಮನಿಸಿ: ಲಾಭದ ದೊಡ್ಡ ಪಾಲು ಈಗ ಆಮ್‌ಸ್ಟರ್‌ಡ್ಯಾಮ್ ಕಡೆ ಹೋಗುತ್ತದೆ. ಕುಡಿತದ ಪರಿಣಾಮ ಮಾತ್ರ ಇಲ್ಲೇ ಉಳಿಯುತ್ತದೆ.