ಬಾಳಿನ ಸಂಕಲ್ಪ

ಕಳೆದ ಆಷಾಢದ ಒಂದು ಸಾಯಂಕಾಲ ಮಳೆಯು ತುಸು ಬಿಡುವು ಕೊಟ್ಟಿರಲು, ಹೊನ್ನಾವರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕುಮಟೆಯ ನಮ್ಮ ಮನೆಗೆ ಬಂದನು. ಕ್ರೈಸ್ತ ಕುಟುಂಬದವನು, ತಂದೆಯಿಲ್ಲ, ಮನೆಯಲ್ಲಿ ತಾಯಿಯೊಬ್ಬರೇ. ಕೊಲ್ಲಿ ದೇಶದಲ್ಲಿ ಉದ್ಯೋಗವೊಂದು ದೊರೆಯುವ ಸಂಭವವಿದೆಯೆಂದು ತಿಳಿಸಿ, ಜೇಬಿನಿಂದ ಮಡಿಸಿದ ಕಾಗದವನ್ನು ತೆಗೆದನು. ದೇವರು ಕೊಟ್ಟ ಆಯುಷ್ಯವನ್ನು ಯಾವುದಕ್ಕಾಗಿ ವೆಚ್ಚ ಮಾಡುವಿರೆಂಬುದನ್ನು ಒಂದು ಪುಟದಲ್ಲಿ ಬರೆದು ತರಬೇಕೆಂದು ಅವರ ಇಗರ್ಜಿಯ ಪಾದ್ರಿಗಳು ತರುಣರಿಗೆಲ್ಲ ಹೇಳಿದ್ದರಂತೆ.

"ಮಾಸ್ತರೇ, ಕನ್ನಡ ತಪ್ಪಿದ್ದರೆ ತಿದ್ದಿಕೊಡಿ" ಎಂದನು.

ಅಲ್ಪಪ್ರಾಣ ಮಹಾಪ್ರಾಣಗಳ ನಾಲ್ಕಾರು ದೋಷಗಳನ್ನು ಬಿಟ್ಟರೆ ತಿದ್ದಲು ಹೆಚ್ಚೇನೂ ಇರಲಿಲ್ಲ. ದೇವರ ಸೇವೆ, ಪರದೇಶದ ಉದ್ಯೋಗ, ಸ್ವಂತ ಮನೆ, ಆಮೇಲೆ ಊರಿನಲ್ಲಿ ವ್ಯಾಪಾರ. ಆದರೆ ವಾಕ್ಯಗಳೆಲ್ಲವೂ 'ನಾನು' ಎಂದೇ ಆರಂಭವಾಗಿದ್ದವು.

ಪ್ರಿಯ ವಾಚಕರೇ, ಸಂಸ್ಕೃತ ಕಲಿತವನ ಚಟವು ಸುಲಭವಾಗಿ ಬಿಡುವಂಥದಲ್ಲ. ನಮ್ಮಲ್ಲಿ ಯಾವ ಕರ್ಮಕ್ಕೂ ಮೊದಲು ಸಂಕಲ್ಪವುಂಟು. ದೇಶವನ್ನೂ ಕಾಲವನ್ನೂ ಸ್ಮರಿಸಿ, ತನ್ನ ಹೆಸರು ಗೋತ್ರಗಳನ್ನು ಹೇಳಿ, ಬಳಿಕ ಮಾಡತಕ್ಕ ಕಾರ್ಯವನ್ನು ಉಚ್ಚರಿಸಬೇಕು. ಅಲ್ಲಿ ತನಗಾಗಿ ಮಾಡುವವನು 'ಕರಿಷ್ಯೇ' ಎನ್ನುವನು. ಪರರಿಗಾಗಿ ಮಾಡುವವನು 'ಕರಿಷ್ಯಾಮಿ' ಎನ್ನುವನು. ಮೊದಲನೆಯದು ಆತ್ಮನೇಪದ, ಎರಡನೆಯದು ಪರಸ್ಮೈಪದ. "ತಮಾ, ನಿನ್ನ ಕ್ರಿಯಾಪದಗಳೆಲ್ಲ ಆತ್ಮನೇಪದವಾಗಿವೆಯಲ್ಲ!" ಎಂದೆನು. ಅವನು ನಕ್ಕನು; ಆದರೆ ಕಾಗದವನ್ನು ಮತ್ತೊಮ್ಮೆ ಓದಿಕೊಂಡನು.

ಯಜಮಾನನು ಕೊಟ್ಟ ಹಣವನ್ನು ಭೂಮಿಯಲ್ಲಿ ಹೂತಿಟ್ಟ ಸೇವಕನ ದೃಷ್ಟಾಂತವು ಮತ್ತಾಯನ ಸುವಾರ್ತೆಯಲ್ಲಿರುವುದನ್ನು ಅವನು ನನಗಿಂತ ಚೆನ್ನಾಗಿ ಬಲ್ಲನು. ಹಾಗೆ ಹೂತಿಡದೆ ಬಾಳಿದವರೊಬ್ಬರ ಸಂಗತಿಯನ್ನು ನಾನು ಹೇಳಿದೆನು. ಭಟ್ಕಳದಲ್ಲಿ ಮಾಸ್ತರನಾಗಿ ಸೇರಿದ ಹೊಸದರಲ್ಲಿ ಕೈಗೆತ್ತಿಕೊಂಡ ಭಾರವಾದ ಕೋಶವು ಇಂದಿಗೂ ನನ್ನ ಮೇಜನ್ನು ಬಿಟ್ಟಿಲ್ಲ. ಅದರ ಕರ್ತೃಗಳಾದ ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ಸಂಗತಿ. 1832ರಲ್ಲಿ ಜರ್ಮನಿಯಲ್ಲಿ ಜನಿಸಿ, 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಕನ್ನಡ ನಾಡಿಗೆ ಬಂದ ಈ ಮಹನೀಯರ ಮೊದಲ ಸಂಕಲ್ಪವು ಕ್ರಿಸ್ತನ ಸುವಾರ್ತೆಯನ್ನು ಸಾರುವುದಾಗಿತ್ತು. ಸಾರಬೇಕಾದರೆ ಜನರ ನುಡಿ ಬೇಕು. ನುಡಿಯ ಬೆನ್ನು ಹತ್ತಿದವರನ್ನು ಅದು ಹಳಗನ್ನಡದವರೆಗೆ ಎಳೆದೊಯ್ದಿತು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯೆಂದು ರಚಿಸಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು. ಸುಮಾರು 70,000 ಶಬ್ದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಕೇಶಿರಾಜನು ಜೈನನು, ನಾಗವರ್ಮನು ಬ್ರಾಹ್ಮಣನು, ಅವರ ಗ್ರಂಥಗಳನ್ನು ಧೂಳು ಕೊಡವಿ ಎತ್ತಿದವರು ಪಾದ್ರಿಗಳು. ನನ್ನ ಮಟ್ಟಿಗೆ ಇದೇ ಪರಸ್ಮೈಪದ.

ಹುಡುಗನು ಕೇಳುತ್ತಿದ್ದನು. ನಡುವೆ ಮಾತು ಬಂದಿತು: 1883ರಲ್ಲಿ ಕಿಟ್ಟೆಲರು ಕುಟುಂಬವನ್ನು ಸ್ವದೇಶದಲ್ಲಿ ಬಿಟ್ಟು, ಈ ಕೋಶದ ಕಾರ್ಯಕ್ಕಾಗಿ ಏಕಾಕಿಯಾಗಿ ಮರಳಿ ಬಂದರೆಂದು. ನಾನು ಇದನ್ನು ಅವರ ನಿಷ್ಠೆಗೆ ಪ್ರಮಾಣವೆಂದು ಎಷ್ಟೋ ವರ್ಷ ತರಗತಿಯಲ್ಲಿ ವರ್ಣಿಸಿದವನು.

"ಅವರ ಹೆಂಡತಿ ಮಕ್ಕಳು ಏನೆಂದರು, ಮಾಸ್ತರೇ?"

ಮೂವತ್ತು ವರ್ಷ ಪಾಠ ಹೇಳಿದೆನು. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ. ಒಳಗಿನಿಂದ ನಮ್ಮ ಮನೆಯವಳು ಚಹಾ ತಂದಿಟ್ಟು, "ಅದನ್ನಲ್ಲವೇ ಮೊದಲು ಕೇಳಬೇಕಾದದ್ದು?" ಎಂದು ಒಳಗೆ ಹೋದಳು. ದೊಡ್ಡ ಸಂಕಲ್ಪದ ಸಾಲವನ್ನು ಮನೆಯವರೂ ತೀರಿಸುತ್ತಾರೆ, ಅವರ ಹೆಸರು ಮಾತ್ರ ಮುಖಪುಟದಲ್ಲಿ ಇರುವುದಿಲ್ಲ. ಇದರಿಂದ ಕಿಟ್ಟೆಲರ ಮೇಲಿನ ನನ್ನ ಗೌರವವು ಕುಂದಿತೆಂದಲ್ಲ. ಕೋಶವನ್ನು ತೆರೆಯುವಾಗ ಈಗ ಆ ಮನೆಯೂ ನೆನಪಾಗುತ್ತದೆ, ಅಷ್ಟೆ.

"ನಿನ್ನ ಕಾಗದದಲ್ಲಿ ಅಮ್ಮ ಎಲ್ಲಿ?" ಎಂದು ಕೇಳಿದೆನು. ಅವನು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಉತ್ತರಿಸದೆ ಮಡಿಸಿಕೊಂಡು ಹೊರಟನು.

ಎಂಟು ದಿನಗಳ ಮೇಲೆ ಮತ್ತೆ ಬಂದನು. ಕಾಗದವು ಈಗ ಅರ್ಧ ಪುಟವಾಗಿತ್ತು. ವ್ಯಾಪಾರ ಅಳಿದಿತ್ತು, ಕೊಲ್ಲಿಯ ಉದ್ಯೋಗದ ಮುಂದೆ 'ಎರಡು ವರ್ಷ' ಎಂಬ ಅವಧಿ ಬಿದ್ದಿತ್ತು.

"ಅಮ್ಮನಿಗೆ ತೋರಿಸಿದೆಯಾ?"

"ಇನ್ನೂ ಇಲ್ಲ, ಮಾಸ್ತರೇ. ಅವರಿಗೆ ಕಣ್ಣಿನ ಪೊರೆ ಬಂದಿದೆ. ಮೊದಲು ಅದನ್ನು ತೆಗೆಸುತ್ತೇನೆ. ಆಮೇಲೆ ಅವರೇ ಓದಲಿ."