ನಿರಾಶ್ರಿತರ ಓದು: ಕಾಯ್ದೆಗಾಗಿ ಕಾಯಬೇಕೇ?

ವೀಸಾ ಸರ್ಕಾರದ ಕೈಯಲ್ಲಿದೆ. ಶುಲ್ಕ, ಸೀಟು, ಪಾಠದ ಕ್ರಮ ವಿಶ್ವವಿದ್ಯಾಲಯಗಳ ಕೈಯಲ್ಲೇ ಇವೆ

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ, ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಅಫ್ಗಾನಿಸ್ತಾನದ ವಿದ್ಯಾರ್ಥಿಗಳು ರಾತ್ರಿ ಬೆಳಗಾಗುವುದರೊಳಗೆ ಅತಂತ್ರರಾದರು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ್ದವರ ಪಾಡು ಇನ್ನೂ ಕಷ್ಟದ್ದು. ಹಿಂದೆ ಕೊಟ್ಟಿದ್ದ ವೀಸಾಗಳನ್ನು ಭಾರತ ಅಮಾನ್ಯಗೊಳಿಸಿದ್ದರಿಂದ ಅರ್ಧಕ್ಕೆ ನಿಂತ ಪದವಿ ಇಲ್ಲಿ, ವಿದ್ಯಾರ್ಥಿ ಅಲ್ಲಿ ಎಂಬಂತಾಯಿತು. 2022ರ ಡಿಸೆಂಬರ್‌ನಲ್ಲಿ ತಾಲಿಬಾನ್ ಆಡಳಿತವು ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗುವುದನ್ನೇ ನಿಷೇಧಿಸಿತು. ಇಂಥವರಿಗೆ ನಮ್ಮ ವಿಶ್ವವಿದ್ಯಾಲಯಗಳು ಏನು ಮಾಡಬಲ್ಲವು ಎಂಬ ಪ್ರಶ್ನೆಯನ್ನು ನಾವಿನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ.

ಜಗತ್ತಿನಲ್ಲಿ ಕಾಲೇಜು ವಯಸ್ಸಿನ ಪ್ರತಿ 100 ಮಂದಿಯಲ್ಲಿ 40ಕ್ಕೂ ಹೆಚ್ಚು ಜನ ಉನ್ನತ ಶಿಕ್ಷಣದಲ್ಲಿದ್ದಾರೆ. ನಿರಾಶ್ರಿತರಲ್ಲಿ ಈ ಪ್ರಮಾಣ ಶೇ 7ರಷ್ಟು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು (ಯುಎನ್‌ಎಚ್‌ಸಿಆರ್) 2024ರಲ್ಲಿ ಹೇಳಿತ್ತು. ಕೆಲವು ವರ್ಷಗಳ ಹಿಂದೆ ಅದು ಶೇ 1ರ ಆಸುಪಾಸಿನಲ್ಲಿತ್ತು. 2030ರೊಳಗೆ ಶೇ 15 ಮುಟ್ಟುವುದು ಈ ಸಂಸ್ಥೆಯ ಗುರಿ. ಈಗ ಕಂಡಿರುವ ಏರಿಕೆ ತಾನಾಗಿ ಬಂದದ್ದಲ್ಲ. ವಿದ್ಯಾರ್ಥಿವೇತನ ಕೊಟ್ಟವರು, ನಿಯಮ ಸಡಿಲಿಸಿದವರು, ಶಿಬಿರಕ್ಕೇ ಹೋಗಿ ಪಾಠ ಮಾಡಿದವರು ಅದರ ಹಿಂದಿದ್ದಾರೆ.

ಭಾರತದಲ್ಲಿ ಈ ಮಾತು ಎತ್ತಿದೊಡನೆ ಬರುವ ಉತ್ತರ, ‘ಅದಕ್ಕೆ ಕಾಯ್ದೆ ಇಲ್ಲ’ ಎಂಬುದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದರೆ ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆ ನಾಗರಿಕರಿಗಷ್ಟೇ ಸೀಮಿತವಲ್ಲ. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಶಿಕ್ಷಣದಲ್ಲಿ ಯಾವ ಮಗುವಿಗೂ ತಾರತಮ್ಯ ಆಗಬಾರದು ಎಂದು ರೋಹಿಂಗ್ಯಾ ಮಕ್ಕಳ ವಿಷಯದಲ್ಲಿ ಅದೇ ನ್ಯಾಯಾಲಯ 2025ರಲ್ಲಿ ಹೇಳಿತು. ಶಾಲೆಯವರೆಗೆ ಒಪ್ಪಿಕೊಂಡ ಮಾತನ್ನು ಕಾಲೇಜಿನ ಗೇಟಿನಲ್ಲಿ ಮರೆಯಲು ಕಾರಣವಿಲ್ಲ.

ಕಾಯ್ದೆ ಇಲ್ಲದೆಯೂ ಏನೆಲ್ಲ ಸಾಧ್ಯ ಎಂಬುದಕ್ಕೆ ಕರ್ನಾಟಕವೇ ಸಾಕ್ಷಿ. 1960ರಲ್ಲಿ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಭೂಮಿ ಕೊಟ್ಟಿತು. ನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಭಾಗಗಳಲ್ಲೂ ಅವರ ನೆಲೆಗಳಾದವು. ಅವರ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 1961ರಲ್ಲಿ ಟಿಬೆಟನ್ ಶಾಲೆಗಳ ಆಡಳಿತ ಸಂಸ್ಥೆಯೊಂದನ್ನು ಕಟ್ಟಿತು. ಆ ಶಾಲೆಗಳ ಮಕ್ಕಳು ಸಿಬಿಎಸ್‌ಇ ಅಂಕಪಟ್ಟಿ ಹಿಡಿದು ಬಂದಿದ್ದರಿಂದ ಕಾಲೇಜುಗಳು ಅವರ ವಿದ್ಯಾರ್ಹತೆಯನ್ನು ಪ್ರಶ್ನಿಸುವ ಪ್ರಮೇಯವೇ ಬರಲಿಲ್ಲ. ಅವರಲ್ಲಿ ಅನೇಕರು ದಾದಿಯರಾದರು, ಶಿಕ್ಷಕರಾದರು. ಎಲ್ಲರೂ ಒಪ್ಪುವ ಒಂದು ದಾಖಲೆ ಕೈಗೆ ಸಿಕ್ಕರೆ ನಿರಾಶ್ರಿತರ ಮಕ್ಕಳು ಉಳಿದ ದಾರಿಯನ್ನು ತಾವೇ ಸವೆಸುತ್ತಾರೆ ಎಂಬುದು ಈ ಆರು ದಶಕಗಳ ಪಾಠ.

ಇಂದು ಕಾಬೂಲ್‌ನಿಂದಲೋ ಮ್ಯಾನ್ಮಾರ್‌ನಿಂದಲೋ ಬಂದವರಿಗೆ ಇಲ್ಲದಿರುವುದು ಅದೇ ದಾಖಲೆ. ಸುಟ್ಟ ಮನೆಯಲ್ಲಿ ಅಂಕಪಟ್ಟಿ ಉಳಿದಿರುವುದಿಲ್ಲ. ಓಡಿಸಿದ ಸರ್ಕಾರಕ್ಕೇ ಬರೆದು ನಕಲು ಪ್ರತಿ ತರಿಸುವುದೂ ಆಗದು. ಸಿರಿಯಾದ ಯುವಜನ ದೊಡ್ಡ ಸಂಖ್ಯೆಯಲ್ಲಿ ಬಂದಾಗ ಜರ್ಮನಿ ಇದೇ ತೊಡಕನ್ನು ಎದುರಿಸಿತು. ಅಲ್ಲಿನ ರಾಜ್ಯಗಳ ಶಿಕ್ಷಣ ಸಚಿವರು 2015ರ ಡಿಸೆಂಬರ್‌ನಲ್ಲಿ ಮೂರು ಹಂತಗಳ ಕ್ರಮವೊಂದನ್ನು ಒಪ್ಪಿದರು. ಅರ್ಜಿದಾರ ನಿಜಕ್ಕೂ ಆಶ್ರಯ ಬೇಡಿ ಬಂದವನೇ ಎಂದು ನೋಡುವುದು. ತಾನು ಓದಿದ್ದೆಂದು ಹೇಳುವ ವಿವರಗಳು ಆ ದೇಶದ ಶಿಕ್ಷಣ ಕ್ರಮಕ್ಕೆ ಹೊಂದುತ್ತವೆಯೇ ಎಂದು ಪರಿಶೀಲಿಸುವುದು. ಕೊನೆಗೆ ಪರೀಕ್ಷೆಯ ಮೂಲಕ ಸಾಮರ್ಥ್ಯ ಅಳೆಯುವುದು. ವಿದ್ಯಾರ್ಹತೆಯ ಮಟ್ಟವನ್ನು ಅಲ್ಲಿ ಇಳಿಸಲಿಲ್ಲ, ಅದನ್ನು ತೋರಿಸುವ ಇನ್ನೊಂದು ದಾರಿ ಕೊಟ್ಟರು. ನಮ್ಮಲ್ಲಿ, ವಿದೇಶಿ ವಿದ್ಯಾರ್ಹತೆಗಳಿಗೆ ತತ್ಸಮಾನತೆ ನೀಡುವ ಹೊಸ ನಿಯಮಾವಳಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2025ರಲ್ಲಿ ಹೊರಡಿಸಿದೆ. ದಾಖಲೆ ಕಳೆದುಕೊಂಡ ನಿರಾಶ್ರಿತರಿಗೂ ಅದರಲ್ಲಿ ಜರ್ಮನಿಯಂಥದೇ ದಾರಿ ಬೇಕೆಂದು ನಮ್ಮ ಕುಲಪತಿಗಳು ಒಟ್ಟಾಗಿ ಒತ್ತಾಯಿಸಬೇಕು.

ಎರಡನೆಯ ಅಡ್ಡಿ ಶುಲ್ಕ. ಪ್ರವೇಶದ ಪಟ್ಟಿಯಲ್ಲಿ ನಿರಾಶ್ರಿತರು ‘ವಿದೇಶಿ ವಿದ್ಯಾರ್ಥಿ’ಗಳು. ಅವರಿಗೆ ಹಲವೆಡೆ ಶುಲ್ಕ ಡಾಲರ್ ಲೆಕ್ಕದಲ್ಲಿದೆ. ಸ್ವಂತ ದೇಶದ ರಕ್ಷಣೆ ಇರುವ, ತಂದೆ–ತಾಯಿ ಹಣ ಕಳಿಸುವ ವಿದ್ಯಾರ್ಥಿಯನ್ನೂ, ಕೂಲಿ ಮಾಡಿ ಬದುಕುವ ನಿರಾಶ್ರಿತರ ಮಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ವಿದೇಶಿ ವಿದ್ಯಾರ್ಥಿಗಳಿಗಾಗಿ ಮಂಜೂರಾದ ಸೀಟುಗಳ ಮೇಲೆ ಶೇ 25ರವರೆಗೆ ಹೆಚ್ಚುವರಿ ಸೀಟು ಸೃಷ್ಟಿಸಲು ಯುಜಿಸಿ 2022ರಲ್ಲೇ ಅವಕಾಶ ಕೊಟ್ಟಿದೆ. ಅವುಗಳಲ್ಲಿ ಕೆಲವನ್ನು ಸ್ಥಳೀಯ ಶುಲ್ಕದಲ್ಲೇ ನಿರಾಶ್ರಿತರಿಗೆ ಮೀಸಲಿಡಬಹುದು.

‘ನಮ್ಮ ಬಡ ಮಕ್ಕಳಿಗೇ ಸಾಲದಿರುವಾಗ ಹೊರಗಿನವರಿಗೆ ಏಕೆ?’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಪಿಂಚಣಿ ಕೊಡಲೂ ಪರದಾಡುತ್ತಿರುವ ಕಾಲವಿದು. ಆದರೆ ಹೆಚ್ಚುವರಿ ಸೀಟು ಇಲ್ಲಿನ ಯಾವ ವಿದ್ಯಾರ್ಥಿಯ ಸೀಟನ್ನೂ ಕಸಿಯುವುದಿಲ್ಲ. ನಡೆಯುತ್ತಿರುವ ತರಗತಿಯಲ್ಲಿ ಇನ್ನಿಬ್ಬರು ಕೂತರೆ ಬೀಳುವ ಹೊರೆಯೂ ಅಲ್ಪ. ಹಾಸ್ಟೆಲ್, ಊಟದ ಖರ್ಚಿಗೆ ಕೆನಡಾದ ಮಾದರಿಯಿದೆ. ಅಲ್ಲಿ 1978ರಿಂದ ನಡೆದುಬಂದಿರುವ ಯೋಜನೆಯೊಂದರಡಿ ಅನೇಕ ಕ್ಯಾಂಪಸ್‌ಗಳ ವಿದ್ಯಾರ್ಥಿಗಳು ತಮ್ಮ ಶುಲ್ಕದ ಜೊತೆ ಸಣ್ಣ ಮೊತ್ತವನ್ನು ಸೇರಿಸಿ ಕಟ್ಟುತ್ತಾರೆ. ಆ ಹಣದ ಬಲದಿಂದ 2,000ಕ್ಕೂ ಹೆಚ್ಚು ನಿರಾಶ್ರಿತ ಯುವಜನರು ಕೆನಡಾಕ್ಕೆ ಬಂದು ಓದಿದ್ದಾರೆ. ನಮ್ಮಲ್ಲಿ ಇದನ್ನು ವಿದ್ಯಾರ್ಥಿಗಳ ಮೇಲೆ ಹೇರಬೇಕಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘಗಳು, ಮಠಗಳು, ಉದ್ಯಮಗಳು ಹೊರಬಹುದಾದ ಖರ್ಚಿದು. ಬಡ ಮಕ್ಕಳಿಗೆ ಅನ್ನ ಹಾಕಿ ಓದಿಸಿದ ಉಚಿತ ಹಾಸ್ಟೆಲ್‌ಗಳ ದೊಡ್ಡ ಪರಂಪರೆ ಈ ನಾಡಿನಲ್ಲಿದೆ.

ಬರಲಾಗದವರ ಬಳಿಗೆ ವಿಶ್ವವಿದ್ಯಾಲಯವೇ ಹೋಗಬೇಕು. ಕೆನ್ಯಾದ ದಾದಾಬ್ ಶಿಬಿರದಲ್ಲಿ ಕೆನಡಾ ಮತ್ತು ಕೆನ್ಯಾದ ವಿಶ್ವವಿದ್ಯಾಲಯಗಳು 2013ರಿಂದ ಒಟ್ಟಾಗಿ ಪಾಠ ನಡೆಸಿದವು. ಶಿಬಿರದ ಶಾಲೆಗಳಲ್ಲಿ ತರಬೇತಿಯಿಲ್ಲದೆ ಕಲಿಸುತ್ತಿದ್ದವರು ಅಲ್ಲಿದ್ದುಕೊಂಡೇ ಡಿಪ್ಲೊಮಾ, ಪದವಿ ಪಡೆದರು. ಒಬ್ಬ ಶಿಕ್ಷಕಿ ಕಲಿತರೆ ಶಿಬಿರದ ಒಂದಿಡೀ ತರಗತಿಗೆ ಅದರ ಲಾಭ. ಮುಕ್ತ ವಿಶ್ವವಿದ್ಯಾಲಯವೂ ಆನ್‌ಲೈನ್ ಕೋರ್ಸ್‌ಗಳೂ ಇರುವ ಕರ್ನಾಟಕಕ್ಕೆ ಇದು ಅಸಾಧ್ಯವೇನಲ್ಲ. ಕಾಬೂಲ್‌ನಲ್ಲಿ ಮನೆಯೊಳಗೇ ಉಳಿದ ಹೆಣ್ಣುಮಗಳಿಗೆ ಇಲ್ಲಿಂದ ಪಾಠ ತಲುಪಿಸಬಹುದು. ಆದರೆ ಆಕೆಗೆ ಪರೀಕ್ಷೆಯೂ ಅಲ್ಲಿಂದಲೇ ಬರೆಯಲು ಸಿಗಬೇಕು; ಪರೀಕ್ಷೆಗೆ ಮೈಸೂರಿಗೇ ಬಾ ಎನ್ನುವ ನಿಯಮವಿದ್ದರೆ ಕೊಟ್ಟ ಪಾಠವೂ ವ್ಯರ್ಥ.

ಪ್ರವೇಶ ಸಿಕ್ಕ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ಮೊದಲ ವರ್ಷ ಭಾಷೆ ಮತ್ತು ವಿಷಯದ ಕೊರತೆ ತುಂಬುವ ಸೇತುಬಂಧ ತರಗತಿ ಬೇಕು. ನಿವಾಸ ಪರವಾನಗಿಯ ನವೀಕರಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಜೊತೆಗಿರುವ ಒಬ್ಬ ಅಧಿಕಾರಿ ಬೇಕು. ಓದಿದ ಮೇಲೆ ಕೆಲಸಕ್ಕೂ ಅವಕಾಶ ಬೇಕು. ಟಿಬೆಟನ್ನರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ 2014ರ ಪುನರ್ವಸತಿ ನೀತಿ ವೃತ್ತಿಪರ ಅರ್ಹತೆ ಇರುವವರಿಗೆ ಆ ದಾರಿ ತೋರಿಸಿದೆ. ಅದು ಉಳಿದ ನಿರಾಶ್ರಿತರಿಗೂ ವಿಸ್ತರಣೆ ಆಗಬೇಕು.

ನಿರಾಶ್ರಿತರ ಕಾಯ್ದೆ ಯಾವಾಗ ಬರುತ್ತದೋ ಬರಲಿ. ಕೆಲವು ಹೆಚ್ಚುವರಿ ಸೀಟು, ಸ್ಥಳೀಯ ಶುಲ್ಕ, ಒಂದು ಸೇತುಬಂಧ ತರಗತಿ– ಇಷ್ಟಕ್ಕೆ ದೆಹಲಿಯ ಕಡೆ ನೋಡಬೇಕಾಗಿಲ್ಲ. ರಾಜ್ಯದ ಪ್ರತಿ ವಿಶ್ವವಿದ್ಯಾಲಯವೂ ಈ ವಿಷಯವನ್ನು ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಗೆ ತರಲಿ. ಬರುವ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ‘ನಿರಾಶ್ರಿತರು’ ಎಂಬ ಪ್ರತ್ಯೇಕ ವಿಭಾಗವನ್ನು ಸೇರಿಸಲಿ.